ಮಂಡಿ ಬದಲಿಸಿದರೆ ಮಕ್ಕಳ ಸಂಧಿವಾತ ಪೂರ್ತಿ ವಾಸಿಯಾಗುತ್ತದೆಯೇ?

ಇದು ಅರ್ಧ ಸತ್ಯ. 16 ವರ್ಷದೊಳಗೆ ಶುರುವಾಗುವ ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಆಪರೇಷನ್ ಹಾಳಾದ ಮಂಡಿಯನ್ನು ಬದಲಿಸುತ್ತದೆ, ಕಾಯಿಲೆಯನ್ನು ತೆಗೆಯುವುದಿಲ್ಲ. ಆದ್ದರಿಂದ ಆಮೇಲೂ ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು.

ನೋವು ಸಾಮಾನ್ಯವಾಗಿ ಬಹಳ ಕಡಿಮೆಯಾಗುತ್ತದೆ. ಮಂಡಿ ಮಾತ್ರ ಮೊದಲಿನಷ್ಟು ಮಡಚದಿರಬಹುದು. ಕೃತಕ ಕೀಲು ವರ್ಷ ಕಳೆದಂತೆ ಸವೆಯುತ್ತದೆ. 60ರಲ್ಲಿ ಹಾಕಿಸಿದವರಿಗೆ ಅದು ಕೊನೆತನಕ ಸಾಕಾಗಬಹುದು. 20ರಲ್ಲಿ ಹಾಕಿಸಿದವರಿಗೆ ಮತ್ತೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಹೆಚ್ಚು. ಮೂಳೆ ಬೆಳೆಯುವುದು ನಿಲ್ಲುವವರೆಗೆ ವೈದ್ಯರು ಸಾಮಾನ್ಯವಾಗಿ ಕಾಯುತ್ತಾರೆ.

ಬೇಗನೆ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಶುರುವಾದರೆ ಅನೇಕ ಮಕ್ಕಳಿಗೆ ಆಪರೇಷನ್ನೇ ಬೇಕಾಗದು. ಸಾತನೂರು ಸುತ್ತಮುತ್ತಲ ಪೋಷಕರೇ, ಮಗುವಿನ ಮಂಡಿ ಊತ, ಬೆಳಗಿನ ಬಿಗಿತ ಇಳಿಯದಿದ್ದರೆ ಎಣ್ಣೆ ತಿಕ್ಕುತ್ತಾ ಕಾಯಬೇಡಿ. ಕನಕಪುರ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಸಂಧಿವಾತ ತಜ್ಞರ ಬಳಿ ಹೋಗಬೇಕೇ ಎಂದು ಕೇಳಿ.