ಗದ್ದಾರ್ ಎಂಬ ಹಳೆಯ ಮಾತು

1996ರ ಮಾರ್ಚ್ 9ರ ರಾತ್ರಿ. ವಿಶ್ವಕಪ್‌ನ ಕ್ವಾರ್ಟರ್ ಫೈನಲ್, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ. ನಮ್ಮ ಕಲ್ಲೂರಿನಲ್ಲಿ ಆಗ ಟಿ.ವಿ. ಇದ್ದ ಮನೆಗಳೇ ಕಡಿಮೆ. ಅಂಥದೊಂದು ಮನೆಯ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಹುಡುಗರು ಒತ್ತೊತ್ತಾಗಿ ಕುಂತಿದ್ದೆವು. ಆಮಿರ್ ಸೊಹೈಲ್ ಬೌಂಡರಿ ಹೊಡೆದು, ಚೆಂಡು ಹೋದ ದಿಕ್ಕನ್ನು ಬ್ಯಾಟಿನಿಂದ ತೋರಿಸಿದ. ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಹಾರಿಸಿದ. ಮಾಳಿಗೆ ಹಾರಿಹೋಗುವಂತೆ ಕೂಗಿದೆವು. ಕೂಗುತ್ತಲೇ ಎಲ್ಲರೂ ಹಿಂದಕ್ಕೆ ಹೊರಳಿ, ಕಂಬಕ್ಕೆ ಒರಗಿ ಕುಂತಿದ್ದ ಪಿಂಜಾರರ ಹುಡುಗನ ಮುಖ ನೋಡಿದೆವು. ಅವನೂ ಚಪ್ಪಾಳೆ ತಟ್ಟುತ್ತಿದ್ದ. ನಾವು ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದ.

ಹಾಗೆ ಹೊರಳಿ ನೋಡಬೇಕೆಂದು ಯಾವ ಮೇಷ್ಟ್ರೂ ನಮಗೆ ಹೇಳಿಕೊಟ್ಟಿರಲಿಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಅವನೊಂದಿಗೇ ಹೆಜ್ಜೆ ಹಾಕುತ್ತಿದ್ದವರು ನಾವು. ಆದರೂ ಹನ್ನೆರಡು ವರ್ಷಕ್ಕೆಲ್ಲ ನಮಗೆ ಗೊತ್ತಿತ್ತು: ದೇಶದ ಮೇಲಿನ ಪ್ರೀತಿಗೆ ನಮ್ಮನ್ನು ಯಾರೂ ಸಾಕ್ಷಿ ಕೇಳುವುದಿಲ್ಲ, ಅವನನ್ನು ಕೇಳುತ್ತಾರೆ. ಅವನಿಗೂ ಗೊತ್ತಿತ್ತು. ಅದಕ್ಕೇ ಆ ಚಪ್ಪಾಳೆ ಅಷ್ಟು ಹೊತ್ತು ನಡೆಯಿತು. ಕುರುಡು ದೇಶಭಕ್ತಿ ಭಾಷಣದಿಂದ ಬರುವುದಿಲ್ಲ. ಹೀಗೆ ಪಡಸಾಲೆಯಲ್ಲಿ, ಆಟದ ನಡುವೆ, ಗಾಳಿಯಿಂದ ಹಿಡಿದಂತೆ ಮೈಗೆ ಹತ್ತುತ್ತದೆ.

ಇಪ್ಪತ್ತನಾಲ್ಕು ವರ್ಷಗಳ ಮೇಲೆ, ಇದೇ ಕಲ್ಯಾಣ ಕರ್ನಾಟಕದ ಬೀದರಿನಲ್ಲಿ, ಆ ರೋಗ ಪೊಲೀಸ್ ಠಾಣೆಯ ದಫ್ತರಿನಲ್ಲಿ ಕಾಣಿಸಿಕೊಂಡಿತು. 2020ರ ಜನವರಿ 21ರಂದು ಶಾಹೀನ್ ಶಾಲೆಯಲ್ಲಿ ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಎನ್‌ಆರ್‌ಸಿ ಕುರಿತು ಒಂದು ಕಿರುನಾಟಕ ಆಡಿದರು. ಕಾಗದಪತ್ರ ಕೇಳಲು ಬಂದವರಿಗೆ ಚಪ್ಪಲಿಯಿಂದ ಹೊಡೆಯಬೇಕು ಎಂಬ ಅರ್ಥದ ಮಾತು ಅದರಲ್ಲಿತ್ತು. ನಾಟಕದ ವಿಡಿಯೊ ಹರಿದಾಡಿತು, ಪ್ರಧಾನಿಯನ್ನು ಹೀಯಾಳಿಸಿದ್ದಾರೆಂದು ದೂರು ಬಂತು. ಜನವರಿ 30ರಂದು, ಗಾಂಧೀಜಿ ಹತ್ಯೆಯಾದ ದಿನವೇ, ಶಾಲೆಯ ಮುಖ್ಯ ಶಿಕ್ಷಕಿಯನ್ನೂ, ಆ ಮಾತು ಆಡಿದ ಹನ್ನೊಂದು ವರ್ಷದ ಹುಡುಗಿಯ ತಾಯಿಯನ್ನೂ ಬಂಧಿಸಿದರು. ಭಾರತೀಯ ದಂಡ ಸಂಹಿತೆಯ 124ಎ, ಅಂದರೆ ರಾಜದ್ರೋಹದ ಕಲಂ, ಜೊತೆಗೆ ಇನ್ನಷ್ಟು ಕಲಂ. ಆ ಮಾತನ್ನು ಮಗಳಿಗೆ ಹೇಳಿಕೊಟ್ಟದ್ದು ತಾಯಿಯೆಂಬುದು ಆರೋಪ. ಆಕೆ ಒಂಟಿ ತಾಯಿ, ಪರರ ಮನೆಗೆಲಸ ಮಾಡಿ ಮಗಳನ್ನು ಓದಿಸುತ್ತಿದ್ದವಳು. ಫೆಬ್ರುವರಿ 14ರಂದು ಜಾಮೀನು ಸಿಗುವವರೆಗೆ ತಾಯಿ ಜೈಲಿನಲ್ಲಿ, ಮಗಳು ಪರರ ಆಸರೆಯಲ್ಲಿ.

ಅಷ್ಟಕ್ಕೇ ಬಿಡಲಿಲ್ಲ. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ನಾಟಕ ಬರೆದವರಾರು, ಕಲಿಸಿದವರಾರು, ಆ ಮಾತು ಯಾರದು. ಕೆಲವರು ಸಮವಸ್ತ್ರದಲ್ಲಿದ್ದರು, ಸೊಂಟದಲ್ಲಿ ಆಯುಧವಿತ್ತು. ಒಂಬತ್ತು ಹತ್ತು ವರ್ಷದ ಕೂಸಿನ ಎದುರು ಬಂದೂಕು ಕಟ್ಟಿಕೊಂಡು ಕುಂತವರು ಆ ಕೂಸಿಗೆ ಕಲಿಸಿದ್ದು ಏನು? ‘ಮಾತಾಡಿದರೆ ಅಮ್ಮ ಜೈಲಿಗೆ ಹೋಗುತ್ತಾಳೆ’ ಎಂಬ ಪಾಠ. ಇದು ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟು ಮೇಲ್ನೋಟಕ್ಕೇ ಗುರುತಿಸಿತು. ಆ ಹೊತ್ತಿಗೆ ಪಾಠ ಮುಗಿದಿತ್ತು.

ಬೀದರಿನ ಘಟನೆಗೆ ಒಂದು ತಿಂಗಳ ಮುಂಚೆ, 2019ರ ಡಿಸೆಂಬರಿನಲ್ಲಿ, ದಕ್ಷಿಣ ಕನ್ನಡದ ಕಲ್ಲಡ್ಕದ ಶಾಲೆಯೊಂದರಲ್ಲಿ ಮಕ್ಕಳು ಬಾಬರಿ ಮಸೀದಿ ಕೆಡಹುವುದನ್ನು ಆಡಿ ತೋರಿಸಿದ್ದರು. ವೇದಿಕೆಯ ಎದುರು ಕೇಂದ್ರ ಸಚಿವರೂ ಪುದುಚೇರಿಯ ಉಪರಾಜ್ಯಪಾಲರೂ ಕುಳಿತಿದ್ದರು. ಅಲ್ಲಿಯೂ ಎಫ್‌ಐಆರ್ ಆಯಿತು ನಿಜ. ಆದರೆ 124ಎ ಬೀಳಲಿಲ್ಲ, ಯಾವ ಮಗುವಿನ ತಾಯಿಯೂ ಜೈಲು ಕಾಣಲಿಲ್ಲ. ಆ ಮಕ್ಕಳ ತಾಯಂದಿರನ್ನೂ ಹಿಡಿಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ, ಖಂಡಿತ ಹಿಡಿಯಬಾರದು. ತಕ್ಕಡಿ ಎರಡಿದ್ದವು ಎಂದಷ್ಟೇ ಹೇಳುತ್ತಿದ್ದೇನೆ.

2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಬೀದರ್ ಪ್ರಕರಣವನ್ನು ರದ್ದುಪಡಿಸಿತು. ಪ್ರಧಾನಿಯನ್ನು ಹೀಯಾಳಿಸುವ ಮಾತು ಬೇಜವಾಬ್ದಾರಿಯದಾದರೂ ದ್ರೋಹವಾಗದು, ಹಿಂಸೆಗೆ ಕರೆ ಕೊಡದೆ 124ಎ ನಿಲ್ಲದು ಎಂದಿತು. ಈ ಮಾತಿಗೆ ಕೈಮುಗಿಯುತ್ತೇನೆ. ಆದರೆ ಅದೇ ತೀರ್ಪು ಇನ್ನೊಂದು ಹೆಜ್ಜೆ ಇಟ್ಟು, ಸರ್ಕಾರದ ನೀತಿಯನ್ನು ಟೀಕಿಸುವುದನ್ನು ಮಕ್ಕಳಿಗೆ ಕಲಿಸಬಾರದು, ಚಾಲ್ತಿ ರಾಜಕೀಯದ ವಿಷಯಗಳು ಎಳೆಯ ಮನಸ್ಸನ್ನು ಕೆಡಿಸುತ್ತವೆ ಎಂಬ ಬುದ್ಧಿಮಾತನ್ನೂ ಹೇಳಿತು. ನ್ಯಾಯಪೀಠದ ಮೇಲಿನ ಪೂರ್ಣ ಗೌರವದಿಂದಲೇ ಈ ಮಾತನ್ನು ಒಪ್ಪುವುದಿಲ್ಲ ಎನ್ನುತ್ತೇನೆ. ಸರ್ಕಾರದ ಯೋಜನೆಯನ್ನು ಹೊಗಳುವ ಜಾಥಾಕ್ಕೆ ಬಿಸಿಲಲ್ಲಿ ಮೈಲುಗಟ್ಟಲೆ ನಡೆಸುವುದು ಇದೇ ಮಕ್ಕಳನ್ನು. ಮಂತ್ರಿ ಬಂದರೆ ಹೂವು ಹಿಡಿದು ಎರಡು ತಾಸು ಸಾಲಾಗಿ ನಿಲ್ಲುವವರೂ ಅವರೇ. ಆಗ ರಾಜಕೀಯ ಅವರ ಮನಸ್ಸನ್ನು ಕೆಡಿಸುವುದಿಲ್ಲವೇ? ಹೊಗಳಲು ವಯಸ್ಸಾಗಿದೆ, ಪ್ರಶ್ನಿಸಲು ವಯಸ್ಸಾಗಿಲ್ಲ ಎಂದರೆ ನಾವು ಬೆಳೆಸುತ್ತಿರುವುದು ನಾಗರಿಕರನ್ನಲ್ಲ, ಪ್ರಜೆಗಳನ್ನು. ರಾಜನಿಗೆ ಬೇಕಾದ ಪ್ರಜೆಗಳನ್ನು.

ರಾಜ ಎಂಬ ಮಾತು ನಮ್ಮ ಕಡೆ ಬರೀ ಪುಸ್ತಕದ ಮಾತಲ್ಲ. ರಾಯಚೂರು, ಕಲಬುರಗಿ, ಬೀದರ್ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಕೈಯಲ್ಲಿದ್ದವು. ದೇಶದ ಉಳಿದ ಭಾಗ 1947ರ ಆಗಸ್ಟ್ 15ರಂದು ಬಾವುಟ ಏರಿಸಿದಾಗ ನಮ್ಮ ನೆಲದಲ್ಲಿ ಅದೇ ಬಾವುಟ ಅಪರಾಧವಾಗಿತ್ತು. ಸಾರ್ವಜನಿಕ ಸಭೆ ಸೇರಲು ‘ಗಸ್ತಿ 53’ ಎಂಬ ಸುತ್ತೋಲೆಯ ಪ್ರಕಾರ ಮುಂಗಡ ಅಪ್ಪಣೆ ಬೇಕಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಅದು ಕಣ್ಣು ಬಿಡುವ ಮುಂಚೆಯೇ ನಿಷೇಧಿಸಲಾಯಿತು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ‘ವಂದೇ ಮಾತರಂ’ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದರು. ಚಳವಳಿ ಗುಲಬರ್ಗಾದ ಕಾಲೇಜಿಗೂ ಹಬ್ಬಿತು. ಹೊರಬಿದ್ದವರಲ್ಲಿ ಅನೇಕರಿಗೆ ಜಾಗ ಕೊಟ್ಟದ್ದು ನಾಗಪುರ ವಿಶ್ವವಿದ್ಯಾಲಯ. ಹಾಗೆ ಹೋದವರಲ್ಲಿ ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಒಬ್ಬರು.

ಈಗ 1985ಕ್ಕೆ ಬನ್ನಿ. ಕೇರಳದ ಒಂದು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದ, ಆದರೆ ತಮ್ಮ ಮತದ ನಂಬಿಕೆಯಂತೆ ಹಾಡದಿದ್ದ ಮೂವರು ಮಕ್ಕಳನ್ನು ಹೊರಹಾಕಿದರು. ಮರುವರ್ಷ ಸುಪ್ರೀಂ ಕೋರ್ಟು ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಿ ಎಂದಿತು, ಸುಮ್ಮನಿರುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತು. ಒಂದು ಕಡೆ ಹಾಡಿದ್ದಕ್ಕೆ ಶಿಕ್ಷೆ, ಇನ್ನೊಂದು ಕಡೆ ಹಾಡದ್ದಕ್ಕೆ ಶಿಕ್ಷೆ. ಹಾಡು ಬೇರೆ, ಕಾಲ ಬೇರೆ, ಗದ್ದುಗೆ ಬೇರೆ. ಶಾಲೆಯ ಬಾಗಿಲಿಂದ ಮಗುವನ್ನು ಆಚೆ ತಳ್ಳಿದ ಕೈ ಒಂದೇ.

ರಾಯಚೂರಿನ ಹಳಬರ ಬಾಯಲ್ಲಿ ಇಂದಿಗೂ ಉರ್ದುವಿನ ‘ಗದ್ದಾರ್’ ಎಂಬ ಪದ ಉಳಿದಿದೆ. ದ್ರೋಹಿ ಎಂದು ಅರ್ಥ. ಹೈದರಾಬಾದಿನಲ್ಲಿ ‘ಇಮ್ರೋಜ್’ ಪತ್ರಿಕೆ ನಡೆಸುತ್ತಿದ್ದ ಶೋಯಬುಲ್ಲಾ ಖಾನ್ ನಿಜಾಮರ ಪರದ ರಜಾಕಾರರ ಕಣ್ಣಿಗೆ ಅಂಥ ಗದ್ದಾರ್. ಸಂಸ್ಥಾನ ಭಾರತದೊಂದಿಗೆ ಸೇರಬೇಕು ಎಂದು ಬರೆದದ್ದು ಅವರ ತಪ್ಪು. 1948ರ ಆಗಸ್ಟ್ 21ರ ರಾತ್ರಿ ಮನೆಗೆ ಮರಳುವ ದಾರಿಯಲ್ಲಿ ಅವರಿಗೆ ಗುಂಡಿಟ್ಟರು, ಬರೆಯುತ್ತಿದ್ದ ಕೈ ಕಡಿದರು. ಮುಸಲ್ಮಾನರಾಗಿ ಮುಸಲ್ಮಾನ ದೊರೆಯ ವಿರುದ್ಧ, ಇಂಡಿಯಾದ ಪರವಾಗಿ ನಿಂತ ಆ ಪತ್ರಕರ್ತನಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಕೊಂದವರು ತಮ್ಮನ್ನು ದೇಶಭಕ್ತರೆಂದೇ ನಂಬಿದ್ದರು. ಅವರ ಪಾಲಿಗೆ ದೇಶವೆಂದರೆ ಗದ್ದುಗೆ.

2020ರ ಜನವರಿ ಕೊನೆಯ ವಾರ, ಬೀದರಿನ ಆ ತಾಯಿಯ ಬಂಧನಕ್ಕೆ ಮೂರು ದಿನ ಮುಂಚೆ, ದೆಹಲಿಯ ಚುನಾವಣಾ ಸಭೆಯೊಂದರಲ್ಲಿ ಕೇಂದ್ರದ ಸಚಿವರೊಬ್ಬರು ಇದೇ ‘ಗದ್ದಾರ್’ ಪದವನ್ನು ಜನರ ಬಾಯಲ್ಲಿ ಕೂಗಿಸಿದರು. ರಜಾಕಾರರು ಹೋದರು, ಅವರ ಪದ ನಮ್ಮ ಬಾಯಲ್ಲೇ ಉಳಿಯಿತು. ಕಲ್ಯಾಣ ಕರ್ನಾಟಕದವನಾಗಿ ನನಗೆ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಭಾಷೆಯ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. 124ಎ ಕಲಂ ಬ್ರಿಟಿಷರು 1870ರಲ್ಲಿ ಸೇರಿಸಿದ್ದು. ತಿಲಕರನ್ನೂ ಗಾಂಧಿಯನ್ನೂ ಜೈಲಿಗೆ ಕಳಿಸಿದ್ದು ಅದೇ. ಅದರಲ್ಲಿ ಶಿಕ್ಷೆ ಇದ್ದದ್ದು ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದಕ್ಕೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ರಾಜದ್ರೋಹ. ನಮ್ಮ ಪತ್ರಿಕೆಗಳು, ಟಿ.ವಿ. ವಾಹಿನಿಗಳು ದಿನಾ ‘ದೇಶದ್ರೋಹ ಪ್ರಕರಣ’ ಎಂದು ಬರೆದು, ಕೂಗಿ, ಸರ್ಕಾರಕ್ಕೂ ದೇಶಕ್ಕೂ ನಡುವಿನ ಗೆರೆಯನ್ನು ಅಳಿಸಿದವು. ಈ ತಪ್ಪಿನಲ್ಲಿ ಬರೆಯುವ ನಮ್ಮೆಲ್ಲರ ಪಾಲೂ ಇದೆ. ಸಂವಿಧಾನ ಸಭೆ ವಾಕ್ ಸ್ವಾತಂತ್ರ್ಯದ ಮಿತಿಗಳ ಪಟ್ಟಿಯಿಂದ ಈ ಅಪರಾಧದ ಹೆಸರನ್ನು 1948ರಲ್ಲೇ ತೆಗೆದುಹಾಕಿತ್ತು. 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂಸೆಗೆ ಅಥವಾ ಸಾರ್ವಜನಿಕ ಅಶಾಂತಿಗೆ ಪ್ರಚೋದನೆ ಇದ್ದರೆ ಮಾತ್ರ ಈ ಕಲಂ ಎಂದು ಬೇಲಿ ಹಾಕಿತು. ಠಾಣೆಗಳು ಆ ಬೇಲಿಯನ್ನು ಕಂಡೂ ಕಾಣದಂತೆ ದಾಟುತ್ತಲೇ ಬಂದವು. ಕಡೆಗೆ 2022ರ ಮೇ 11ರಂದು ಸುಪ್ರೀಂ ಕೋರ್ಟು ಕಲಮನ್ನೇ ತಡೆಹಿಡಿಯಿತು.

ಆಮೇಲೆ ಏನಾಯಿತು? ರಾಜದ್ರೋಹ ಹೋಯಿತು ಎಂದು ಸಂಸತ್ತಿನಲ್ಲಿ ಸಾರಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಓದಿ ನೋಡಿ. ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಮಾತು, ಬರಹ, ಚಿತ್ರ, ಎಲೆಕ್ಟ್ರಾನಿಕ್ ಸಂದೇಶ ಎಲ್ಲವೂ ಅದರೊಳಗಿವೆ. ಅಪಾಯ ಯಾವುದು ಎಂದು ಮೊದಲು ತೀರ್ಮಾನಿಸುವುದು ಠಾಣೆಯ ಪಿಎಸ್‌ಐ. ಹಳೆಯ ಕಲಮಿನಲ್ಲಿ ಜೀವಾವಧಿ ಇಲ್ಲವೇ ಮೂರು ವರ್ಷದವರೆಗೆ ಶಿಕ್ಷೆ ಇತ್ತು. ಹೊಸದರಲ್ಲಿ ಜೀವಾವಧಿ ಇಲ್ಲವೇ ಏಳು ವರ್ಷದವರೆಗೆ. ಹೆಸರಿನಿಂದ ರಾಜ ಹೋದ, ಶಿಕ್ಷೆಯ ವರ್ಷ ಎರಡು ಪಟ್ಟಿಗೂ ಹೆಚ್ಚಾಯಿತು.

ಗಡಿಯಲ್ಲಿ ಸೈನಿಕ ಸಾಯುತ್ತಿರುವಾಗ ಇಂಥ ಮಾತು ಬೇಕೆ ಎಂದು ಕೇಳುವವರಿದ್ದಾರೆ. ನಮ್ಮ ತಾಲ್ಲೂಕಿನಿಂದಲೂ ಹುಡುಗರು ಸೇನೆಗೆ ಹೋಗಿದ್ದಾರೆ, ಅವರ ಮನೆಯವರ ದುಗುಡ ನನಗೆ ಗೊತ್ತು. ಆ ಸೈನಿಕ ಕಾಯುತ್ತಿರುವುದು ಸಂವಿಧಾನ ಇರುವ ದೇಶವನ್ನು. ಅದರ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟು, ಎರಡನೇ ಉಪವಿಧಿಯಲ್ಲಿ ಮಿತಿಗಳನ್ನೂ ಎಣಿಸಿ ಹೇಳಿದೆ. ಅಪರಾಧಕ್ಕೆ ಪ್ರಚೋದನೆ, ಮಾನಹಾನಿ, ಸಾರ್ವಜನಿಕ ಸುವ್ಯವಸ್ಥೆ, ದೇಶದ ಭದ್ರತೆ ಹೀಗೆ. ಈ ಮಿತಿಗಳನ್ನು ನಾನು ಒಪ್ಪುತ್ತೇನೆ. ನೆರೆಯವನ ಮನೆ ಸುಡಿ ಎಂದವನನ್ನು ಹಿಡಿಯಲೇಬೇಕು. ‘ದೇಶಭಕ್ತಿ ಸಾಲದು’ ಎಂಬ ಅಪರಾಧ ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಕಾನೂನಿಗಿಂತ ನನ್ನನ್ನು ಕಾಡುವುದು ಕಾನೂನು ಬಲ್ಲವರು. ಅದೇ 2020ರ ಆರಂಭದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ‘ಫ್ರೀ ಕಾಶ್ಮೀರ್’ ಫಲಕ ಹಿಡಿದ ಯುವತಿಯ ಪರ, ಹುಬ್ಬಳ್ಳಿಯಲ್ಲಿ ಘೋಷಣೆ ಕೂಗಿದ್ದಕ್ಕೆ ಬಂಧಿತರಾದ ಮೂವರು ಕಾಶ್ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರ ವಕಾಲತ್ತು ಹಾಕುವುದಿಲ್ಲವೆಂದು ಅಲ್ಲಲ್ಲಿನ ವಕೀಲರ ಸಂಘಗಳು ನಿರ್ಣಯ ಮಾಡಿದವು. ಹುಬ್ಬಳ್ಳಿಯ ನಿರ್ಣಯಕ್ಕೆ ಹೈಕೋರ್ಟೇ ಛೀಮಾರಿ ಹಾಕಬೇಕಾಯಿತು. ಕೊಲೆಗಾರನಿಗೂ ವಕೀಲ ಸಿಗುತ್ತಾನೆ, ಘೋಷಣೆ ಕೂಗಿದ ಹುಡುಗನಿಗೆ ಸಿಗುವುದಿಲ್ಲ! ಓದಿದವರೇ ಹೀಗಾದರೆ ಪಡಸಾಲೆಯ ಹುಡುಗರನ್ನು ಯಾವ ಬಾಯಲ್ಲಿ ಬೈಯುವುದು?

ಕುರುಡು ಭಕ್ತಿ ಇಂದಿನ ಬಾಯಿ ಮುಚ್ಚಿಸುವಂತೆ ನಿನ್ನೆಯ ನೆನಪನ್ನೂ ಮುಚ್ಚುತ್ತದೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ನರಮೇಧಕ್ಕೆ ಸ್ಮಾರಕ ಎದ್ದಿದೆ, 2023ರಲ್ಲಿ ಕೇಂದ್ರ ಗೃಹ ಸಚಿವರು ಬಂದು ಉದ್ಘಾಟಿಸಿದರು. ಏಳಲೇಬೇಕಾದ ಸ್ಮಾರಕ ಅದು. ಆದರೆ ಸೆಪ್ಟೆಂಬರ್ 17ರ ನಂತರದ ವಾರಗಳಲ್ಲಿ ಅದೇ ಬೀದರ್, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಸಾಮಾನ್ಯ ಮುಸಲ್ಮಾನರನ್ನು ಕೊಂದದ್ದು? ನೆಹರೂ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ತೀರ ಎಚ್ಚರದ ಅಂದಾಜಿನಲ್ಲೂ 27,000ದಿಂದ 40,000 ಜನ ಸತ್ತರು ಎಂದು ವರದಿ ಕೊಟ್ಟಿತು. ಆ ವರದಿ ಆರು ದಶಕ ಕತ್ತಲಲ್ಲಿತ್ತು. ನಾನು ಹೈಸ್ಕೂಲಿನಲ್ಲಿ ಹೈದರಾಬಾದ್ ವಿಮೋಚನೆಯ ಪಾಠ ಓದಿದೆ, ಪದವಿಯಲ್ಲೂ ಓದಿದೆ. ಸುಂದರಲಾಲರ ಹೆಸರನ್ನು ಯಾರೂ ಎತ್ತಲಿಲ್ಲ. ಗೋರ್ಟಾದ ಹೆಣಗಳಿಗೆ ಅತ್ತ ಕಣ್ಣು ಈ ಹೆಣಗಳಿಗೂ ಅತ್ತರೆ ದೇಶ ಸಣ್ಣದಾಗುವುದಿಲ್ಲ.

ಪ್ರತಿ ಸೆಪ್ಟೆಂಬರ್ 17ಕ್ಕೆ ನಮ್ಮೂರಿನ ಶಾಲೆಯಲ್ಲೂ ಬಾವುಟ ಏರುತ್ತದೆ. ಬೆಳಿಗ್ಗೆ ಮಕ್ಕಳು ಕಾಗದದ ಬಾವುಟ ಹಿಡಿದು ಅಗಸಿಯವರೆಗೆ ಪ್ರಭಾತಫೇರಿ ಹೋಗಿ ಬರುತ್ತಾರೆ, ಮೇಲೆ ಚಾಕೊಲೇಟು. ನಮ್ಮ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ಕೈಜೋಡಿಸಿ ಕೇಳುತ್ತೇನೆ: ಈ ಸಲ ಬಾವುಟದ ಕೆಳಗೆ ನಿಂತು ಮಕ್ಕಳಿಗೆ ಶೋಯಬುಲ್ಲಾ ಖಾನ್ ಹೆಸರು ಹೇಳಿರಿ. ಅವರ ಕೈ ಯಾಕೆ ಕಡಿದರು ಎಂದು ಹೇಳಿರಿ. ಸಾಲಿನ ಹಿಂದೆ ನಿಂತ ಯಾವುದಾದರೂ ಕೂಸು ಅದಕ್ಕೊಂದು ಪ್ರಶ್ನೆ ಕೇಳಿದರೆ ದಯವಿಟ್ಟು ಗದರಿಸಬೇಡಿರಿ.