ನಿಲ್ಲಲು ಕಲಿತ ಯಂತ್ರ

ಯಂತ್ರಕ್ಕೆ ಹೊರಡಲು ಕಲಿಸುವುದು ಸುಲಭ. ನಿಲ್ಲಲು ಕಲಿಸುವುದು ಕಷ್ಟ. ಇಂದು ಮನೆಯ ದೀಪ, ಬೀಸಣಿಗೆ, ನೀರಿನ ಪಂಪುಗಳು ಮನುಷ್ಯನ ಕೈ ತಗಲದೆ ತಾವಾಗಿಯೇ ನಡೆಯತೊಡಗಿವೆ. ಅವುಗಳಿಗೆ ಎಂತಹ ನಿಯಮಗಳನ್ನು ವಿಧಿಸಬೇಕೆಂಬುದು ಪಟ್ಟಣದ ಸಿರಿವಂತರ ಪ್ರಶ್ನೆ ಮಾತ್ರವಲ್ಲ. ಹಾವೇರಿ ಜಿಲ್ಲೆಯ ತಡಸದಂತಹ ಊರುಗಳ ರೈತರ ಪ್ರಶ್ನೆಯೂ ಹೌದು.

ಪಂಪುಸೆಟ್ಟಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆಗಳಲ್ಲಿ ಮಾತ್ರ ಸರದಿಯಂತೆ ದೊರೆಯುತ್ತದೆ. ಸರದಿ ರಾತ್ರಿಗೆ ಬಂದರೆ ರೈತನು ಹಾವುಚೇಳುಗಳ ಭಯದಲ್ಲಿ ಬದುವಿನ ಮೇಲೆ ನಡೆದುಹೋಗಬೇಕು. ಈ ಕಷ್ಟದಿಂದ ಅವನನ್ನು ಪಾರುಮಾಡಿದುದು ಆಟೋ ಸ್ಟಾರ್ಟರು. ಇಂತಹ ಸಾಧನಗಳು ಜನರನ್ನು ಸೋಮಾರಿಗಳನ್ನಾಗಿಸುತ್ತವೆ ಎನ್ನುವವರು ಆ ಬದುವಿನ ಮೇಲೆ ನಡುರಾತ್ರಿಯಲ್ಲಿ ನಡೆದವರಲ್ಲ.

ಆದರೆ 'ಕರೆಂಟು ಬಂದೊಡನೆ ಮೋಟಾರು ತಿರುಗಲಿ' ಎಂಬ ಒಂದೇ ನಿಯಮ ಸಾಲದು. ಹೊರಡುವ ಗಳಿಗೆಯಲ್ಲಿ ಮೋಟಾರು, ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟನ್ನು ಎಳೆಯಬಲ್ಲದು. ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಹತ್ತು ಪಂಪುಗಳು ಒಂದೇ ಕ್ಷಣದಲ್ಲಿ ಹೊರಟರೆ ವೋಲ್ಟೇಜು ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರೇ ಸುಟ್ಟುಹೋದರೂ ಆಶ್ಚರ್ಯವಿಲ್ಲ. ಆಗ ಹತ್ತು ಹೊಲಗಳ ಬೆಳೆಯೂ ಬಾಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಬ್ಬನ ನಿಯಮವೂ ಸರಿಯೇ. ಎಲ್ಲವೂ ಕೂಡಿದಾಗ ಕೇಡು. ಒಂದು ಪಂಪು ಒಂದು ನಿಮಿಷ, ಇನ್ನೊಂದು ಎರಡು ನಿಮಿಷ ತಡೆದು ಹೊರಡುವಂತೆ ನೆರೆಹೊರೆಯವರು ಮಾತನಾಡಿಕೊಂಡರೆ ಈ ಕೇಡು ತಪ್ಪುತ್ತದೆ. ಆದುದರಿಂದ ಒಳ್ಳೆಯ ನಿಯಮದ ಮೊದಲ ಲಕ್ಷಣ ನೆರೆಯವನ ನೆನಪು.

ಎರಡನೆಯದು ನಿಲ್ಲುವ ವಿವೇಕ. ಕೊಳವೆಬಾವಿಯ ಮೋಟಾರು ತಣ್ಣಗಿರುವುದು ತನ್ನ ಸುತ್ತಲಿನ ನೀರಿನಿಂದಲೇ. ನೀರು ತೀರಿದ ಮೇಲೂ ತಿರುಗಿದರೆ ಅದು ಸುಡುತ್ತದೆ. ಮೂರು ಫೇಸುಗಳಲ್ಲಿ ಒಂದು ತಪ್ಪಿದರೂ ಅದೇ ಗತಿ. ಯಾವಾಗ ಹೊರಡಬೇಕೆಂದು ಹೇಳುವ ಮೊದಲೇ ಯಾವ ಯಾವ ಸಂದರ್ಭಗಳಲ್ಲಿ ನಿಲ್ಲಬೇಕೆಂದು ಹೇಳಿರಬೇಕು.

ಮೂರನೆಯದು ಚಂಚಲತೆಯಿಲ್ಲದಿರುವುದು. ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ನೀರು ಒಂದು ಗೆರೆಗಿಂತ ಇಳಿದರೆ ಪಂಪು ಹೊರಟು, ಅದೇ ಗೆರೆ ಮುಟ್ಟಿದೊಡನೆ ನಿಲ್ಲುವಂತಿದ್ದರೆ, ಒಂದೊಂದು ಕೊಡ ನೀರಿಗೂ ಪಂಪು ಹೊರಟು ನಿಂತು ಸವೆಯುತ್ತದೆ. ಕಾಲುಭಾಗಕ್ಕೆ ಇಳಿದಾಗ ಹೊರಟು ತುಂಬಿದಾಗ ನಿಲ್ಲಲಿ; ನಡುವೆ ಅಂತರವಿರಲಿ.

ಕೊನೆಯದಾಗಿ, ಮನುಷ್ಯನ ಕೈಗೆ ಅಧಿಕಾರವಿರಬೇಕು. ಚಲನೆ ಕಂಡರೆ ಹೊತ್ತಿ, ಕಾಣದಿದ್ದರೆ ಆರುವ ದೀಪವನ್ನು ಕೆಲವರು ಕೋಣೆಗಳಲ್ಲಿ ಇಡುತ್ತಾರೆ. ಅಲುಗದೆ ಕುಳಿತು ಜಪಮಾಡುವ ಅಜ್ಜಿಯನ್ನು ಅದು ಕತ್ತಲಲ್ಲಿ ಕೂರಿಸುತ್ತದೆ. ಅವಳಿಗೆ ಗೋಡೆಯ ಮೇಲೊಂದು ಸಾಮಾನ್ಯ ಗುಂಡಿ ಬೇಡವೆ?

ಜೇಮ್ಸ್ ವಾಟನು 1788ರಲ್ಲಿ ತನ್ನ ಉಗಿಯಂತ್ರಕ್ಕೆ ಎರಡು ತಿರುಗುವ ಗುಂಡುಗಳ ನಿಯಂತ್ರಕವನ್ನು ಅಳವಡಿಸಿದನು. ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಚಾಚಿ ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. ಯಂತ್ರದ ವೇಗವೇ ಯಂತ್ರಕ್ಕೆ ಕಡಿವಾಣವಾಯಿತು. ಇಂದಿನ ಸಾಧನಗಳು ಎಷ್ಟೇ ಜಾಣವಾಗಿರಲಿ, ಅವುಗಳಿಗೆ ಬೇಕಾದುದು ಇದೇ ಸಂಯಮ. ಆದರೆ ಯಂತ್ರವು ಅದನ್ನು ತಾನಾಗಿ ಕಲಿಯಲಾರದು. ನಿಯಮ ಬರೆಯುವ ನಮ್ಮಲ್ಲಿ ಇದ್ದರೆ ಮಾತ್ರ ಅದಕ್ಕೆ ಬಂದೀತು.