ಸೀಟು ಐತಿ, ದಾರಿ ಎಲ್ಲಿ?

ಕೊಂಕಲ್ ಕಡೆ ಬಂದು ಕೇಳ್ರಿ, ‘ಯಾಕವ್ವಾ, ಸಾಲಿ ಬಿಟ್ಟಿ?’ ‘ಹತ್ತಿ ಬಿಡಸಾಕ ಮಂದಿ ಇರಲಿಲ್ರಿ’ ಅಂತಾಳ. ಎಂಟನೇ ಕ್ಲಾಸಿಗೆ ಬಿಟ್ಟ ಆ ಹುಡುಗಿಗೆ ಈಗ 22. ಮಹಿಳಾ ಸಂಘದ ಲೆಕ್ಕ ಬರೆಯೋದು ಅಕಿನೇ. ಡಿಗ್ರಿ ಓದಬೇಕಂದ್ರ ಮಾತ್ರ ಮೊದಲು ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಮೂರು ವರ್ಷ ಅಲ್ಲೇ ಹೋಗ್ತದ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಇಂಥ ಜಿಲ್ಲೆಯವರಿಗೆ ‘ನಿಮಗೆ ಅರ್ಹತೆ ಇಲ್ಲ’ ಅನ್ನೋದು ಎಲ್ಲಿಯ ನ್ಯಾಯ?

ಹಿಂದೆ ಪ್ರಯತ್ನ ಆಗಿಲ್ಲ ಅಂತಲ್ಲ. ಪಿಯುಸಿ ಇಲ್ಲದ, 18 ತುಂಬಿದವರಿಗಾಗಿ ಇಗ್ನೋ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸ್ ನಡೆಸಿತು. ಉದ್ದೇಶ ಒಳ್ಳೆಯದೇ. ಆದರೆ ಓದು ಬಿಟ್ಟು ಎಂಟು ವರ್ಷ ಆದಾಕಿಗೆ ಮನೆಗೆ ಪುಸ್ತಕ ಕಳಿಸಿದರೆ ಸಾಲದು, ಎದುರಿಗೆ ಮೇಷ್ಟ್ರು ಬೇಕು.

ಯಾದಗಿರಿ, ರಾಯಚೂರು ಎರಡೂ ಜಿಲ್ಲೆಗಂತ 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಶುರುವಾಯ್ತು. ಯಾದಗಿರಿ, ಶಹಾಪುರದ ಸರ್ಕಾರಿ ಕಾಲೇಜುಗಳಲ್ಲಿ ಅದು ಒಂದು ವರ್ಷದ ಬುನಾದಿ ತರಗತಿ ನಡೆಸಲಿ. ಕನ್ನಡದಲ್ಲಿ ಕಲಿಸಲಿ, ಹತ್ತಿ ಸುಗ್ಗಿ ನೋಡಿ ವೇಳಾಪಟ್ಟಿ ಮಾಡಲಿ. ಪಾಸಾದವರ ಸರ್ಟಿಫಿಕೇಟು ನೌಕರಿಗೂ ನಡೆಯುವಂತೆ ಸರ್ಕಾರ ಆದೇಶ ಮಾಡಲಿ.

‘ಗುಣಮಟ್ಟ ಇಳಿತದ’ ಅಂತಾರ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಿಂದಲೂ ಹಿಂದಿನ ಅಂಕಪಟ್ಟಿ ಕೇಳದೆ ಡಿಗ್ರಿಗೆ ಸೇರಿಸಿಕೊಂಡಿದೆ. ಬಿಗಿ ಬೇಕಾದ್ದು ಕೊನೆಯ ಪರೀಕ್ಷೆಯಲ್ಲಿ, ಬಾಗಿಲಲ್ಲಲ್ಲ.

371(ಜೆ) ನಮಗೆ ಸೀಟು ಕಾಯ್ದಿರಿಸಿತು, ಖರೆ. ಆದರೆ ಆ ಸೀಟಿನ ತನಕ ಈಕಿ ಹೆಂಗ ಹೋಗಬೇಕು? ಮುಂದಿನ ಹತ್ತಿ ಬಿಡಿಸೋ ಹೊತ್ತಿಗೆ ಅಕಿಗೆ 23 ಆಗ್ತದ.